ಚಪ್ಪಲಿ ಬಿಡುವ ಕಟ್ಟೆ

ನಾನೊಂದು ಟ್ಯಾಬ್. ಹುಟ್ಟಿದ್ದು ಯಾವ ದೇಶದಲ್ಲೋ, ಬಿಳಿ ಕೈಗವಸು ತೊಟ್ಟ ಕೈಗಳ ನಡುವೆ. ಎತ್ತಿ ಆಡಿಸಿದವರಿಲ್ಲ; ಒರೆಸಿ ಡಬ್ಬಿಗೆ ತುಂಬಿದರು. ಆದರೂ ಸೊಕ್ಕಿಗೇನೂ ಕಡಿಮೆಯಿರಲಿಲ್ಲ. ಲೋಕವೆಲ್ಲ ನನ್ನ ಗಾಜಿನೊಳಗಿದೆ ಎಂದು ಬೀಗುತ್ತಿದ್ದೆ.

ಗದಗಿನ ವೀರಭದ್ರಪ್ಪ ಅಂಗಡಿಯವರು ನನ್ನನ್ನು ಮಗನಿಗೆಂದು ಕೊಂಡರು. ಆ ಮಹಾಶಯ ಎರಡು ವರ್ಷ ಮಿರ್ಚಿ ಭಜಿಯ ಎಣ್ಣೆಗೈಯಲ್ಲೇ ಕ್ರಿಕೆಟ್ ನೋಡಿದ. ನನ್ನ ಮೂಲೆ ಒಡೆದಾಗ ಅವನಿಗೆ ಬೇಸರ ಬಂತು. ಅಂಗಡಿಯವರು ಬಾಲವಾಡಿಯ ಅಧ್ಯಕ್ಷರೂ ಆಗಿದ್ದರಿಂದ ನಾನು ಹಳೆಯ ಡಬ್ಬಿಯ ಸಮೇತ ಅಲ್ಲಿಗೆ ದಾನವಾಗಿ ಹೋದೆ. ಬೇಡವಾದದ್ದನ್ನು ಕೊಟ್ಟು ಹಾರ ಹಾಕಿಸಿಕೊಳ್ಳುವ ಕಲೆ ಅವರಿಗೆ ಕರಗತವಾಗಿತ್ತು.

ಬಾಲವಾಡಿಯಲ್ಲಿ ಗೊಂಬೆಮೂಲೆ ಎಂದೊಂದಿತ್ತು. ಬಟ್ಟೆಗೊಂಬೆ, ತೆಂಗಿನ ಚಿಪ್ಪು, ಹಿಡಿ ಮುರಿದ ಸೌಟು. ಅಧ್ಯಕ್ಷರು ಮೂಗು ಮುರಿದರು.

"ಈ ಕಸಾ ತಗೀರಿ ಟೀಚರ್. ಗೊಂಬಿಮನಿ ಈಗ ಟ್ಯಾಬಿನಾಗ ಬರ್ತೈತಿ. ಮೂರು ಆ್ಯಪ್ ಅದಾವು, ಮಾರ್ಕ್ಸ್ ಹಾಕಿ ಒಂದು ಆರಸ್ರಿ. ಸೋಮವಾರ ಈ ಮೂಲಿ ಖಾಲಿ ಆಗಬೇಕು."

ಕಮಲಾಕ್ಷಿ ಟೀಚರ್ ಮುಖ ಸಪ್ಪಗಾಯಿತು. ಅವರ ಕೈಗೆ ಬಂದ ಮಾರ್ಕ್ಸ್ ಫಾರಂನಲ್ಲಿ ಬಣ್ಣಕ್ಕೆ ಎಷ್ಟು, ಸದ್ದಿಗೆ ಎಷ್ಟು, ಇಂಗ್ಲಿಷಿಗೆ ಎಷ್ಟು ಎಂದೆಲ್ಲ ಕೇಳಿತ್ತು. ಮಗು ಏನು ಮಾಡಿತು ಎಂದು ಮಾತ್ರ ಕೇಳಿರಲಿಲ್ಲ.

ಆ ಮೂರು ಆ್ಯಪ್ ಮನೆಗಳನ್ನು ಹೊಟ್ಟೆಯಲ್ಲಿ ಹೊತ್ತವನು ನಾನು, ಅವುಗಳ ಬಂಡವಾಳ ನನಗೆ ಗೊತ್ತು. ಮೇಲೆ ಥಳಕು, ಒಳಗೆ ಹುಳುಕು. ಒಂದರಲ್ಲಿ ಎರಡು ಕೋಣೆ ಬಿಟ್ಟರೆ ಉಳಿದದ್ದಕ್ಕೆಲ್ಲ ಬೀಗ. ಮುಟ್ಟಿದರೆ ದುಡ್ಡು ಕಟ್ಟಲು ಅಪ್ಪನನ್ನು ಕರೆ ಎನ್ನುತ್ತಿತ್ತು. ಇನ್ನೊಂದರಲ್ಲಿ ಹಾಲು ಚೆಲ್ಲುವುದಿಲ್ಲ, ತಟ್ಟೆ ಒಡೆಯುವುದಿಲ್ಲ, ಗೊಂಬೆ ಸದಾ ಹಲ್ಲು ಕಿರಿಯುತ್ತದೆ. ಮೂರನೆಯದರಲ್ಲಿ ಗೋಡೆ ಮುಟ್ಟಿದರೂ ಚಪ್ಪಾಳೆ, ಕಸ ಮುಟ್ಟಿದರೂ ಚಪ್ಪಾಳೆ. ಮನೆಯಂತೆ, ಮನೆ!

ಟೀಚರ್ ಫಾರಂ ಬದಿಗಿಟ್ಟು ನನ್ನನ್ನು ನಾಲ್ಕು ವರ್ಷದ ಶಿವಗಂಗಾಳ ಕೈಗೆ ಕೊಟ್ಟರು. ಚಪ್ಪಾಳೆಯ ಮನೆಯ ಗೊಂಬೆ ಬೂಟು ಹಾಕಿಕೊಂಡೇ ಸೀದಾ ಅಡುಗೆಮನೆಗೆ ನಡೆಯಿತು. ಹುಡುಗಿ ಹೌಹಾರಿದಳು. ಬೂಟನ್ನು ಎಳೆದಳು. ಚಪ್ಪಾಳೆ. ಮತ್ತೆ ಎಳೆದಳು. ಮತ್ತೆ ಚಪ್ಪಾಳೆ. ಉಳಿದೆರಡು ಮನೆಗಳಲ್ಲೂ ಬೂಟು ಕಳಚಲಿಲ್ಲ.

"ಟೀಚರ್, ಈಕಿ ಚಪ್ಪಲ್ ಬಿಚ್ಚವಲ್ಲಳ್ರಿ! ಒಲಿ ಮುಂದ ಹಂಗ ನಿಂತಾಳ!"

ಇಂಥ ಮನೆ ಅವಳಿಗೆ ಬೇಡವಾಯಿತು. ನನ್ನ ಡಬ್ಬಿಯನ್ನು ಅಡ್ಡ ನಿಲ್ಲಿಸಿ ಮನೆ ಮಾಡಿದಳು. ನನ್ನನ್ನು ಬೋರಲು ಹಾಕಿ ಅದರ ಮುಂದೆ ಕಟ್ಟೆ ಮಾಡಿದಳು. ಶೇಂಗಾ ಸಿಪ್ಪೆಯ ಎರಡು ಹೋಳುಗಳನ್ನು ಚಪ್ಪಲಿಯೆಂದು ನನ್ನ ಬೆನ್ನ ಮೇಲೆ ಜೋಡಿಸಿಟ್ಟು, ಬಟ್ಟೆಗೊಂಬೆಯನ್ನು ಬರಿಗಾಲಲ್ಲಿ ಒಳಗೆ ಕರೆದೊಯ್ದಳು. ಸೊಕ್ಕಿನವನು ನಾನು, ಅವಮಾನದಿಂದ ಕುದಿದುಹೋದೆ.

ಸೋಮವಾರ ಅಧ್ಯಕ್ಷರು ಮೂಲೆ ಖಾಲಿ ಮಾಡಿಸಲು ಆಳಿನೊಂದಿಗೆ ಬಂದರು. ಶಿವಗಂಗಾ ಅಡ್ಡ ನಿಂತಳು.

"ಅಜ್ಜಾರ, ಬೂಟ್ ಬಿಚ್ಚಿ ಬರ್ರಿ. ಇಲ್ಲಿ ಮನಿ ಐತಿ."

ಮಕ್ಕಳನ್ನು ಬಿಡಲು ಬಂದಿದ್ದ ತಾಯಂದಿರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಅಂಗಡಿಯವರು ಕೆಮ್ಮಿದರು, ಅತ್ತಿತ್ತ ನೋಡಿದರು, ಕೊನೆಗೆ ಬಗ್ಗಿ ಬೂಟು ಬಿಚ್ಚಿದರು. ಬಿಚ್ಚಿದ ಮೇಲೆ ಅದು ಮನೆಯೆಂದು ಒಪ್ಪಿದಂತಾಯಿತು. ಒಪ್ಪಿದ ಮನೆಯನ್ನು ಎತ್ತಿಸುವುದು ಹೇಗೆ? ಟೀಚರ್ ತುಂಬಿದ ಫಾರಂ ಅವರ ಕೈಗೆ ಕೊಟ್ಟರು. ಮೂರಕ್ಕೂ ಸೊನ್ನೆ. ಕಾರಣ: ಚಪ್ಪಲಿ ಬಿಚ್ಚುವುದಿಲ್ಲ. ಅಧ್ಯಕ್ಷರು ಓದಿ, ಆಳನ್ನು ಕರೆದುಕೊಂಡು ಹೊರಟುಹೋದರು.

ನನ್ನ ಬ್ಯಾಟರಿ ಸತ್ತು ವರ್ಷವಾಯಿತು. ಆ ಮೂರು ಮನೆಗಳೂ ಜೊತೆಗೇ ಸತ್ತವು. ಯಾರೂ ಅಳಲಿಲ್ಲ, ನಾನಂತೂ ಅಳಲಿಲ್ಲ. ಮೊನ್ನೆ ಹೊಸದಾಗಿ ಬಂದ ಹುಡುಗಿಯೊಬ್ಬಳು ನನ್ನನ್ನು ತಿರುವಿ ನೋಡಿ, "ಇದು ಟ್ಯಾಬ್ ಅಲ್ಲೇನು?" ಎಂದಳು.

ಶಿವಗಂಗಾ ಕಸಿದುಕೊಂಡು ನನ್ನನ್ನು ಮತ್ತೆ ಬಾಗಿಲ ಮುಂದಿಟ್ಟಳು.

"ಅಲ್ಲ, ಇದು ಕಟ್ಟಿ. ಮದ್ಲ ಚಪ್ಪಲ್ ಬಿಡು."

ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕ ಮಾರ್ಕು ಅದೊಂದೇ. ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.