ನೀರು ಕುಡಿದ ಎಂಜಿನ್

ನೊರೆ, ಇನ್ನೂ ನೊರೆಯೇ, ಸಡಿಲಿಸಿದ ಬೋಲ್ಟಿನ ಸುತ್ತ ಡೀಸೆಲ್ ಗುಳ್ಳೆಗುಳ್ಳೆಯಾಗಿ ಉಕ್ಕಿ ಅವಳ ಬೆರಳ ಸಂದಿಯಲ್ಲಿ ಇಳಿಯುತ್ತದೆ, ಹೆಬ್ಬೆರಳು ಫಿಲ್ಟರಿನ ಮೇಲಿನ ಪಂಪನ್ನು ಒತ್ತುತ್ತದೆ, ಬಿಡುತ್ತದೆ, ಒತ್ತುತ್ತದೆ, ಪೈಪಿನೊಳಗೆ ಗಾಳಿ ಇರುವವರೆಗೆ ಈ ಪಿಕಪ್ ಯಾರ ಮಾತೂ ಕೇಳುವುದಿಲ್ಲ, ಹೇಳಿಕೊಟ್ಟವನು ಅಪ್ಪನೇ, ಆಗ ಅವಳಿಗೆ ಬಾನೆಟ್ಟು ಎಟುಕುತ್ತಿರಲಿಲ್ಲ, ಹಳೇ ಟೈರಿನ ಮೇಲೆ ನಿಲ್ಲಿಸಿ, ಗುಳ್ಳೆ ನಿಲ್ಲೋವರೆಗೂ ಕೈ ತೆಗೀಬೇಡ ಪುಟ್ಟಿ, ಡೀಸೆಲ್ ಗಾಡಿಗೆ ಬೇರೆ ಯಾವ ಹಟವೂ ಇಲ್ಲ — ತಮ್ಮನಿಗೂ ಹೇಳಿಕೊಟ್ಟಿದ್ದ, ತಮ್ಮ ಕೇಳಿಸಿಕೊಂಡಿರಲಿಲ್ಲ, ಈಗ ಶೆಡ್ಡಿನ ಕಂಬಕ್ಕೆ ಒರಗಿ ಮೊಬೈಲಿನಲ್ಲಿ ಮುಖ ಹುದುಗಿಸಿಕೊಂಡು ನಿಂತಿದ್ದಾನೆ, ಗ್ಯಾರೇಜಿಗೆ ಬಿಳಿ ಷೂ ಹಾಕಿಕೊಂಡು ಬರುವವನು ಲೋಕದಲ್ಲಿ ಇವನೊಬ್ಬನೇ, ಎಣ್ಣೆ ಚೆಲ್ಲಿದ ಕಡೆಯೆಲ್ಲ ಬೆಕ್ಕಿನ ಹಾಗೆ ಕಾಲೆತ್ತಿ ಇಡುತ್ತಾನೆ, ಗಾಡಿಯನ್ನು ಕಾಲುವೆಗೆ ಹಾಕಿದ ದಿನ ಮಾತ್ರ ಮೊಣಕಾಲವರೆಗೂ ಕೆಸರಾಗಿತ್ತು. ಹಾಕಿದ, ಆಗಲಿ, ತಿರುವಿನಲ್ಲಿ ಯಾರ ಕೈಯಾದರೂ ತಪ್ಪುತ್ತದೆ, ಮೈಮೇಲೆ ಒಂದು ಗೀರೂ ಇಲ್ಲದೆ ಬಂದನೆಂದು ಅವಳೂ ಅತ್ತಿದ್ದಳು, ಆದರೆ ಕ್ರೇನಿನವರು ಮೇಲೆತ್ತಿ ನಿಲ್ಲಿಸಿದ ಮೇಲೆ, ಅಪ್ಪ ಬರುವುದರೊಳಗೆ ಏನೂ ಆಗಿಲ್ಲವೆಂದು ತೋರಿಸಲು ಕೀ ತಿರುಗಿಸಿದನಲ್ಲ, ಸೆಲ್ಫ್ ಹೊಡೆದನಲ್ಲ, ಮೆಕ್ಯಾನಿಕ್ಕನ ಹೊಟ್ಟೆಯಲ್ಲಿ ಹುಟ್ಟಿ, ನೀರು ಕುಡಿದ ಎಂಜಿನ್ನಿಗೆ — ಡೀಸೆಲ್ ಚಿಮ್ಮಿಸುವ ನಾಜಲ್ಲುಗಳನ್ನು ಮೊದಲು ಬಿಚ್ಚಿ ತಿರುಗಿಸಿದ್ದರೆ ನೀರೆಲ್ಲ ಚಿಮ್ಮಿ ಆಚೆ ಬಿದ್ದಿರುತ್ತಿತ್ತು, ನೀರೇನು ಗಾಳಿಯೇ ಅದುಮಿದಷ್ಟೂ ಅದುಮಿಸಿಕೊಳ್ಳಲು, ಪಿಸ್ಟನ್ನಿಗೆ ಮೇಲೆ ಜಾಗವಿಲ್ಲ, ಕೆಳಗಿನಿಂದ ತಳ್ಳುವ ಕನ್‌ರಾಡೇ ಬಾಗಬೇಕು, ಬಾಗಿತು. ಎಂಜಿನ್ ಇಳಿಸಿ ಬಿಚ್ಚಿದ ದಿನ ಆ ರಾಡನ್ನು ಅಪ್ಪನ ಕೈಗೆ ಕೊಟ್ಟಳು, ಒಂದು ಕಣ್ಣು ಮುಚ್ಚಿ ಬೆಳಕಿಗೆ ಹಿಡಿದು ನೋಡಿದ, ಮಗ ಸೆಲ್ಫ್ ಹೊಡೆದದ್ದು ಅವನಿಗೆ ಗೊತ್ತಾಯಿತು, ಗೊತ್ತಾದದ್ದು ಅವಳಿಗೆ ಗೊತ್ತಾಯಿತು, ಬಿದ್ದ ಏಟಿಗೆ ಬಾಗಿದೆ ಅಂದ. ಬಿದ್ದ ಏಟಿಗೆ. ಬಿದ್ದ ಏಟಿಗೆ ಬಂಪರ್ ಬಾಗುತ್ತದೆ, ರೇಡಿಯೇಟರ್ ಒಡೆಯುತ್ತದೆ, ಮಗ ಮಾತ್ರ ಕೊಂಕುವುದಿಲ್ಲ.

ಅವತ್ತೇ ಅಲ್ಲವೇ, ತಗಡು ಬಡಿಯುವ ಟಿಂಕರ್ ಮಾಮನ ಎದುರಿಗೇ ಅಪ್ಪ ಅಂದದ್ದು, ಅಷ್ಟು ಹೊಟ್ಟೆ ಉರಿಯೋದಾದ್ರೆ ನೀನೇ ಎಬ್ಬಿಸು ಹೋಗು, ಗುಜರಿಗೆ ಹೋಗೋದು ನಿಂಗೇ ಹೋಗಲಿ, ಓಡಿಸಿ ತೋರಿಸು, ಗಾಡಿ ನಿಂದೇ — ಮಾಮ ನಕ್ಕಿದ್ದ, ತಗೊಳ್ಳಮ್ಮಾ, ಮಗುವಿಗೆ ಹೆಣ ಕೊಟ್ಟು ಆಡಿಸ್ಕೋ ಅಂದಂಗಾಯ್ತು — ನಕ್ಕವನೇ ಆಮೇಲೆ ಸೊಟ್ಟಗಾದ ಚಾಸಿಗೆ ಸರಪಳಿ ಹಾಕಿ ಎಳೆಯಲು ಬಂದ, ಇನ್ನೊಂದು ಸತ್ತ ಪಿಕಪ್ಪಿನ ಬಾಗಿಲು ತಂದು ಕೂರಿಸಿದ, ಒಂದು ಬಾಗಿಲು ನೀಲಿ ಒಂದು ಬಿಳಿ, ಇರಲಿ, ಮೇಜು ಮಂಚ ಸಾಗಿಸಲು ಬಣ್ಣ ಯಾರು ಕೇಳುತ್ತಾರೆ, ಗಾಡಿ ತಂದ ದಿನದಿಂದ ಕೆಲಸ ನಿಂದೇ ಅಂದಿದ್ದಾನೆ ಫರ್ನಿಚರ್ ಅಂಗಡಿಯವನು, ಸ್ವಂತ ದುಡಿಮೆ, ಬೇರೆ ಬೀದಿಯಲ್ಲೊಂದು ಕೋಣೆ, ಒಳಗಿನಿಂದ ಚಿಲಕ ಹಾಕಿದರೆ ಯಾರೂ ಲೇ ಎಂದು ಕೂಗದ ಕೋಣೆ — ನಿಂತಿತು, ಗುಳ್ಳೆ ನಿಂತಿತು, ಗಾಜಿನಂಥ ಡೀಸೆಲ್, ಬೋಲ್ಟು ಬಿಗಿದಳು, ಕೈ ಒರೆಸದೆಯೇ ಕೀ ತಿರುಗಿಸಿದಳು, ಕೆಮ್ಮಿತು, ಬಿಳಿ ಹೊಗೆ, ಮತ್ತೆ ಕೆಮ್ಮಿತು, ಹಿಡಿಯಿತು.

ಹಿಡಿದೇಬಿಟ್ಟಿತು, ಶೆಡ್ಡಿನ ತಗಡೆಲ್ಲ ನಡುಗುತ್ತಿದೆ, ಅವಳು ಕೆಳಗಿಳಿದು ಎಲ್ಲಾದರೂ ಸೋರುತ್ತಿದೆಯೇ ಎಂದು ಬಗ್ಗುತ್ತಾಳೆ, ಇಲ್ಲ, ಅಪ್ಪ ಹೊರಗೆ ಬಂದು ತಲೆ ವಾಲಿಸಿ ಕಿವಿಗೊಟ್ಟಿದ್ದಾನೆ, ನಾಲ್ಕೂ ಸಿಲಿಂಡರ್ ಸಮನಾಗಿ ಹೊಡೀತಿದೆ ಕಣೇ, ಅವನ ಕಣ್ಣು ಒದ್ದೆ, ನಿಜವಾಗಿ ಒದ್ದೆ, ಅದೇ ಒದ್ದೆ ಕಣ್ಣಿನಲ್ಲಿ ಕಂಬದ ಕಡೆ ತಿರುಗಿ, ಏ ಬಾರೋ, ಹತ್ತು, ಒಂದು ಸುತ್ತು ನೋಡ್ಕೊಂಡು ಬಾ. ತಮ್ಮ ಸೀಟಿನ ಮೇಲೆ ಪೇಪರ್ ಹಾಸಿ ಕೂರುತ್ತಾನೆ. ಗಾಡಿ ನಂದು ಅಂದಿದ್ಯಲ್ಲಪ್ಪ. ಅಂದಿದ್ದೆ, ಮಾತಿಗೆ ಅಂದಿದ್ದೆ, ನೀನೇನು ಬಾಡಿಗೆಗೆ ಬೀದಿಬೀದಿ ಅಲೀತೀಯಾ, ಅವನಿಗೊಂದು ದಾರಿಯಾಗ್ಲಿ, ನಿಂಗೆ ಗ್ಯಾರೇಜಿಲ್ವಾ. ಟಿಂಕರ್ ಮಾಮ ಕೇಳಿಸದವನ ಹಾಗೆ ಸುತ್ತಿಗೆ ಹುಡುಕುತ್ತಾನೆ, ಸುತ್ತಿಗೆ ಅವನ ಕೈಯಲ್ಲೇ ಇದೆ. ಒಳಗೆ ಕೂತವನು ಆಕ್ಸಿಲೇಟರ್ ಒತ್ತುತ್ತಾನೆ, ಈಗಷ್ಟೇ ಎದ್ದ ಎಂಜಿನ್ನಿಗೆ, ಎಣ್ಣೆ ಮೇಲಕ್ಕೆ ಏರುವುದಕ್ಕೂ ಮೊದಲೇ, ಹೊಸ ಬೇರಿಂಗುಗಳು ಎಣ್ಣೆಯಿಲ್ಲದೆ ಸವೆಯುತ್ತವೆ, ಅಪ್ಪನ ಹುಬ್ಬು ಒಮ್ಮೆ ಗಂಟಿಕ್ಕುತ್ತದೆ, ಬೇರೆ ಯಾರಾದರೂ ಹೀಗೆ ಒತ್ತಿದ್ದರೆ ಕೆನ್ನೆಗೆ ಬಿಡುತ್ತಿದ್ದ, ಈಗ ಅವಳ ಹತ್ತಿರ ಬಂದು ದನಿ ತಗ್ಗಿಸುತ್ತಾನೆ, ನೋಡಿಲ್ಲಿ, ಬಾಗಿಲ ಮೇಲೆ ನಿನ್ನ ಹೆಸರು ಬರೆಸ್ತೀನಿ, ಎರಡೂ ಕಡೆ, ದೊಡ್ಡಕ್ಷರದಲ್ಲಿ, ಹೋದ ವಾರಾನೇ ಪೇಂಟರಿಗೆ ಹೇಳಿಟ್ಟಿದೀನಿ — ಹೋದ ವಾರ, ಹೋದ ವಾರ ಇನ್ನೂ ಎಂಜಿನ್ನಿನ ಮೇಲೆ ಹೆಡ್ಡೇ ಕೂರಿಸಿರಲಿಲ್ಲ, ಅಂದರೆ ಎದ್ದೇ ಏಳುತ್ತದೆಂದು ಗೊತ್ತಿತ್ತು, ಅವಳ ಕೈಯನ್ನು ಅವಳಿಗಿಂತ ಹೆಚ್ಚು ನಂಬಿದ್ದ, ನಂಬಿಯೇ ಯಾರು ಓಡಿಸುವುದು, ಯಾರ ಹೆಸರು ಎಲ್ಲಿ, ಎಲ್ಲ ಹಂಚಿ ಮುಗಿಸಿದ್ದ, ಎಲ್ಲ ಹಂಚಿಯಾದ ಮೇಲೂ ಅವಳು ಪಂಪು ಒತ್ತುತ್ತಿದ್ದಳು —

ಹೆಸರು ಬೇಡಪ್ಪ, ಅಂದಳು.

ಚಿಕ್ಕದಾಗಾದ್ರೂ.

ಬೇಡ.