ಮರಿಯ ಇಷ್ಟಗಳ ಪಟ್ಟಿ

ಪಟ್ಟಿ ನಾಲ್ಕು ಪುಟ ಬಂದಿತ್ತು. ಹೊಲಿಗೆ ಯಂತ್ರದ ಪಕ್ಕ ಕಾಗದ ಇಟ್ಟುಕೊಂಡು, ಒಂದು ಪ್ಯಾಂಟಿನ ಅಂಚು ಮಡಚಿ ಹೊಲಿದಾಗಲೆಲ್ಲ ಒಂದು ಸಾಲು ಬರೆದಿದ್ದೆ. ಮರಿಗೆ ಅನ್ನಕ್ಕಿಂತ ಬ್ರೆಡ್ ಇಷ್ಟ. ಕೆಂಪಿಗಿಂತ ನೀಲಿ ಇಷ್ಟ. ಪಾರ್ಕಿಗಿಂತ ಮಹಡಿ ಇಷ್ಟ. ಮರಿ ನನ್ನ ಮಗಳು; ಹದಿನಾಲ್ಕು ವರ್ಷದ, ಆಟಿಸಂ ಇರುವ ಹುಡುಗಿ. ತಾನಾಗಿ ಮಾತಾಡುವುದೇ ಅಪರೂಪ. ಆದರೂ ಅವಳ ಮನಸ್ಸು ನನಗೆ ಗೊತ್ತು ಎಂದು ತೋರಿಸಲು ಆ ಪಟ್ಟಿ ಬೇಕಿತ್ತು.

ಐದು ವರ್ಷದಿಂದ ಅವಳು ಒಂದು ವಾರ ನನ್ನ ಮನೆಯಲ್ಲಿ, ಒಂದು ವಾರ ಅವಳ ಅಪ್ಪನ ಮನೆಯಲ್ಲಿ. ಅವರು ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಈಗ ದೂರದ ಡಿಪೋಗೆ ವರ್ಗವಾಗಿದೆ. ಇನ್ನು ವಾರ ವಾರ ಹೋಗಿಬರುವುದು ಆಗದ ಮಾತು. ಮರಿ ಒಂದೇ ಮನೆಯಲ್ಲಿರಬೇಕು. ಯಾವ ಮನೆ ಎನ್ನುವುದು ಕೋರ್ಟಿನವರು ಗೊತ್ತುಮಾಡಿದ ಕೌನ್ಸೆಲರ್ ಮೇಡಂ ಎದುರು ತೀರ್ಮಾನವಾಗಬೇಕಿತ್ತು.

ಅವಳಪ್ಪನ ಮನೆಯ ಗೋಡೆಯ ಮೇಲೆ ಒಂದು ವೇಳಾಪಟ್ಟಿ ಇದೆ. ಆರಕ್ಕೆ ಏಳುವುದು, ಆರೂಕಾಲಿಗೆ ಹಲ್ಲುಜ್ಜುವುದು, ಏಳಕ್ಕೆ ತಿಂಡಿ. ಏನು ತಿಂಡಿ ಎನ್ನುವುದನ್ನೂ ಅದರಲ್ಲೇ ಬರೆದಿದ್ದಾರೆ.

"ಮಗಳನ್ನ ಸಾಕ್ತಿದೀರೋ, ಬಸ್ ಓಡಿಸ್ತಿದೀರೋ?" ಎಂದು ಒಮ್ಮೆ ಚುಚ್ಚಿದ್ದೆ.

"ಬಸ್ಸು ಲೇಟಾಗತ್ತೆ. ಇವ್ಳು ಆಗಲ್ಲ" ಎಂದಿದ್ದರು. ಬೇರೆಯಾಗಿ ಐದು ವರ್ಷವಾದರೂ ನನ್ನ ಬಾಯಿಗೆ 'ನೀವು' ಎಂದೇ ಬರುತ್ತದೆ. ಅಭ್ಯಾಸ.

ನನ್ನ ಮನೆಯಲ್ಲಿ ಹಾಗಲ್ಲ. ಮನೆಯ ಮುಂಭಾಗದ ಹೊಲಿಗೆ ಅಂಗಡಿಗೆ ಬಂದ ಗಿರಾಕಿಗೆ ಗುಂಡಿ ಬೇಕೋ ಜಿಪ್ ಬೇಕೋ ಎಂದು ಕೇಳುವವಳು ಹೆತ್ತ ಮಗಳನ್ನು ಕೇಳಬಾರದೇ? ಅನ್ನ ಬೇಕಾ, ಬ್ರೆಡ್ ಬೇಕಾ? ಕೆಂಪು ಹಾಕ್ಕೊತೀಯಾ, ನೀಲಿ ಹಾಕ್ಕೊತೀಯಾ? ಬೆಳಗಿನಿಂದ ರಾತ್ರಿಯವರೆಗೆ ಕೇಳುತ್ತೇನೆ. ಮರಿ ಗೋಡೆ ನೋಡುತ್ತ ಉತ್ತರ ಕೊಡುತ್ತಾಳೆ. ಆಮೇಲೆ ಕೆಲವು ಸಲ ಮಣಿಕಟ್ಟು ಕಚ್ಚಿಕೊಳ್ಳುತ್ತಾಳೆ. ಅಪ್ಪನ ಮನೆಯಲ್ಲಿ ಹಾಗೆ ಮಾಡುವುದಿಲ್ಲವಂತೆ. ಅದು ಆ ಮನೆಯ ಶಿಸ್ತಿನ ಫಲ, ಇಲ್ಲಿ ಬಂದು ಹೊರಗೆ ಬೀಳುತ್ತಿದೆ ಎಂದುಕೊಂಡಿದ್ದೆ. ಪಟ್ಟಿಯ ಕೊನೆಯಲ್ಲಿ ಅದನ್ನೂ ಬರೆದಿದ್ದೆ.

ಮೇಡಂ ಪಟ್ಟಿಯನ್ನು ಪೂರ್ತಿ ಓದಿದರು. "ಎಷ್ಟು ಸೂಕ್ಷ್ಮವಾಗಿ ಗಮನಿಸಿದೀರಮ್ಮ" ಎಂದರು. ನನಗೆ ಎದೆ ತುಂಬಿತು. ಆಮೇಲೆ ಅವರು ಕುರ್ಚಿಯನ್ನು ಮರಿಯ ಹತ್ತಿರಕ್ಕೆ ಎಳೆದುಕೊಂಡರು.

"ನೀನೇ ಹೇಳಮ್ಮ ಪುಟ್ಟ. ಅಮ್ಮನ ಮನೇಲಿರ್ತೀಯಾ, ಅಪ್ಪನ ಮನೇಲಿರ್ತೀಯಾ?"

"ಅಪ್ಪನ ಮನೇಲಿರ್ತೀನಿ."

ತಡವರಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಮೇಡಂ ಪೆನ್ನಿನ ಮುಚ್ಚಳ ತೆಗೆದರು.

"ಮೇಡಂ, ಅದನ್ನ ಬರೀಬೇಡಿ" ಎಂದರು ಅವಳಪ್ಪ. "ಒಂದ್ಸಲ ತಿರುಗಿಸಿ ಕೇಳಿ."

ಮೇಡಂಗೆ ಅರ್ಥವಾಗಲಿಲ್ಲ. ಆದರೂ ಕೇಳಿದರು: "ಅಪ್ಪನ ಮನೇಲಿರ್ತೀಯಾ, ಅಮ್ಮನ ಮನೇಲಿರ್ತೀಯಾ?"

"ಅಮ್ಮನ ಮನೇಲಿರ್ತೀನಿ." ದನಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಮರಿ, ಈ ಕುರ್ಚಿ ಮೇಲಿರ್ತೀಯಾ, ಆ ಬೀರು ಒಳಗಿರ್ತೀಯಾ?" ಎಂದು ಈ ಸಲ ಅವಳಪ್ಪನೇ ಕೇಳಿದರು.

"ಬೀರು ಒಳಗಿರ್ತೀನಿ."

ಮೇಡಂಗೆ ನಗು ಬಂತು. ತಕ್ಷಣ ಕೈಯಿಂದ ಬಾಯಿ ಮುಚ್ಚಿಕೊಂಡರು.

"ಎರಡು ಹೇಳಿದ್ರೆ ಕೊನೇದನ್ನ ಹೇಳ್ಬಿಡ್ತಾಳೆ ಮೇಡಂ. ಹೇಳಿದ್ರೆ ಕೇಳೋರು ಸುಮ್ನಾಗ್ತಾರಲ್ಲ, ಅದಕ್ಕೆ. ನಾನಂತೂ ಕೇಳೋದೇ ಬಿಟ್ಟಿದೀನಿ." ಆಮೇಲೆ ನನ್ನ ಕಡೆ ತಿರುಗಿದರು. "ನಿಂಗೆ ಗೊತ್ತಿರ್ಲಿಲ್ವಾ?"

ಆ ದನಿಯಲ್ಲಿ ಕೊಂಕಿದ್ದಿದ್ದರೆ ಜಗಳವಾಡುತ್ತಿದ್ದೆ. ಕೊಂಕಿರಲಿಲ್ಲ. ಗೆದ್ದಿದ್ದನ್ನು ತಾವೇ ಬಿಟ್ಟುಕೊಟ್ಟು ಕುಳಿತಿದ್ದರು.

ನಾನು ಯಾವಾಗಲೂ ಅದೇ ಕ್ರಮದಲ್ಲಿ ಕೇಳುತ್ತಿದ್ದೆ. ಮೊದಲು ಅನ್ನ, ಆಮೇಲೆ ಬ್ರೆಡ್. ಮೊದಲು ಕೆಂಪು, ಆಮೇಲೆ ನೀಲಿ. ಒಮ್ಮೆ ಯಾವುದೋ ಗಡಿಬಿಡಿಯಲ್ಲಿ ಹಿಂದುಮುಂದಾಗಿ ಕೇಳಿದಾಗ ಅವಳು ಅನ್ನ ಎಂದಿದ್ದಳು. ಆ ದಿನ ಅಕ್ಕನಿಗೆ ಫೋನ್ ಮಾಡಿ, "ಇವತ್ತು ಮನಸ್ಸು ಬದಲಾಯಿಸಿದ್ಲು ಕಣೇ!" ಎಂದು ಕುಣಿದಾಡಿದ್ದೆ.

"ಹಾಗಾದ್ರೆ ಈ ಪಟ್ಟಿ?" ಮೇಡಂ ಮೆಲ್ಲಗೆ ಕೇಳಿದರು.

"ಅದರಲ್ಲಿರೋದೆಲ್ಲ ನಂದೇ" ಎಂದೆ.

ಮಗಳ ಇಷ್ಟ ಗೊತ್ತಾಗದಿದ್ದರೆ ಅಪ್ಪ ಅಮ್ಮನೇ ಒಪ್ಪಿ ತೀರ್ಮಾನಿಸಬೇಕು ಎಂದು ಮೇಡಂ ಹತ್ತು ದಿನ ಕೊಟ್ಟರು. ಅವಳಪ್ಪ ಹೊಸ ಊರಿಗೆ ಮನೆ ಹುಡುಕಲು ಹೋದರು. ಆ ಹತ್ತು ದಿನ ಮರಿ ನನ್ನ ಜೊತೆ ಉಳಿದಳು.

ಇನ್ನು ಕೇಳುವುದಿಲ್ಲ ಎಂದು ಹಟ ಹಿಡಿದೆ. ಮಾರನೆಯ ಬೆಳಿಗ್ಗೆ ಒಂದು ತಟ್ಟೆಯಲ್ಲಿ ಅನ್ನ, ಇನ್ನೊಂದರಲ್ಲಿ ಬ್ರೆಡ್ ಇಟ್ಟು, ಮಾತಾಡದೆ ಪಕ್ಕಕ್ಕೆ ಸರಿದೆ. ಕೈ ಯಾವುದರ ಕಡೆ ಹೋಗುತ್ತದೋ ನೋಡೋಣವೆಂದು. ಮರಿ ಎರಡನ್ನೂ ಮುಟ್ಟಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತ ಕುಳಿತಳು. ಅನ್ನ ಆರಿತು, ಬ್ರೆಡ್ ಒಣಗಿತು. ಮೂರು ಬೆಳಿಗ್ಗೆ ಹೀಗೇ ಆಯಿತು; ಮಧ್ಯಾಹ್ನ ನಾನೇ ತುತ್ತು ಮಾಡಿ ತಿನ್ನಿಸುತ್ತಿದ್ದೆ. ನಾಲ್ಕನೆಯ ದಿನ ಕರುಳು ತಡೆಯದೆ "ಅನ್ನ ತಿನ್ನು" ಎಂದೆ. ತಕ್ಷಣ ತಿಂದಳು. ಆ ನಾಲ್ಕು ದಿನದಲ್ಲಿ ಒಮ್ಮೆಯೂ ಕೈ ಕಚ್ಚಿಕೊಂಡಿರಲಿಲ್ಲ. ಅದನ್ನು ನೋಡಿ ಸಂತೋಷಪಡಬೇಕೋ ಬೇಡವೋ ತಿಳಿಯದೆ ತಟ್ಟೆ ತೊಳೆದೆ.

ಎಂಟನೆಯ ದಿನ ಅಂಗಡಿಯ ಮುಂದೆ ಗಿರಾಕಿಗಳು ನಿಂತಿದ್ದರು. ಬಟ್ಟೆ ಕತ್ತರಿಸುತ್ತಲೇ, ಬಾಯಿ ತಪ್ಪಿ, "ಮರಿ, ಒಳಗಿರ್ತೀಯಾ, ಇಲ್ಲೇ ಕೂತ್ಕೊತೀಯಾ?" ಎಂದುಬಿಟ್ಟೆ.

"ಇಲ್ಲೇ ಕೂತ್ಕೊತೀನಿ" ಎಂದಳು. ಕುಳಿತಳು. ಮಣಿಕಟ್ಟನ್ನು ಬಾಯಿಗಿಟ್ಟುಕೊಂಡಳು. ನಾನು ಕತ್ತರಿ ಎಸೆದು ಓಡುವಷ್ಟರಲ್ಲಿ ರಕ್ತ ಬಂದಿತ್ತು. ಕೇಳದೆ ಇರಲು ನನಗೆ ಬರುವುದಿಲ್ಲ. ಏಳು ದಿನ ಹೇಗೋ ತಡೆದಿದ್ದೆ. ಏಳು ವರ್ಷ ತಡೆಯಲಾರೆ.

ಹತ್ತನೆಯ ದಿನ ಅವಳಪ್ಪನಿಗೆ ಫೋನ್ ಮಾಡಿದೆ. "ಕರ್ಕೊಂಡ್ ಹೋಗಿ."

"ಯಾಕೆ, ಏನಾಯ್ತು?"

"ನಿಮ್ಮನೇಲಿ ಕಚ್ಕೊಳಲ್ವಲ್ಲ."

"ನನ್ ಹತ್ರ ಖುಷಿಯಾಗಿರ್ತಾಳೆ ಅಂತ ಅನ್ಕೋಬೇಡ ಕಣೇ. ಸುಮ್ನಿರ್ತಾಳೆ, ಅಷ್ಟೆ."

"ಗೊತ್ತು."

"ಅವ್ಳಿಗೆ ಯಾರು ಹೇಳೋದು?"

"ನಾನೇ ಹೇಳ್ತೀನಿ."

ಮರಿ ಕಿಟಕಿಯ ಬಳಿ ದಾರದ ಉಂಡೆಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಪಕ್ಕದ ಮನೆಯಲ್ಲಿ ಯಾರೋ ಗೋಡೆಗೆ ತೂತು ಕೊರೆಯುತ್ತಿದ್ದರು. ನಾನು ನೆಲದ ಮೇಲೆ ಕುಳಿತು, ಒಂದೊಂದೇ ಮಾತು ಬಿಡಿಸಿ ಹೇಳಿದೆ. "ಭಾನುವಾರ ಅಪ್ಪ ಬರ್ತಾರೆ. ಇನ್ಮೇಲೆ ಅಲ್ಲೇ ಇರೋದು. ಅಮ್ಮ ಆಗಾಗ ಬಂದು ನೋಡ್ತಾಳೆ."

ಅವಳು ಉಂಡೆಗಳನ್ನು ಬಿಟ್ಟು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು, ಕಣ್ಣನ್ನೂ ಮುಚ್ಚಿಕೊಂಡಳು. ನನ್ನ ಮಾತಿಗೋ, ಪಕ್ಕದ ಮನೆಯ ಸದ್ದಿಗೋ ತಿಳಿಯಲಿಲ್ಲ. ಕೇಳಲು ಬಾಯಿ ತೆರೆದೆ. ಮುಚ್ಚಿದೆ. ಎದ್ದು ಹೋಗಿ ಅವಳ ಬಟ್ಟೆ ಮಡಚತೊಡಗಿದೆ.