ಕೌದಿಯ ತುತ್ತು

ರಾಯಚೂರು ಈಗ ಮಹಾನಗರ. ಬೋರ್ಡಿನ ಮೇಲೆ ಹಾಗೆಂದು ಬರೆದಿದ್ದಾರೆ, ನಾನು ನಂಬಿದ್ದೇನೆ. ಮಹಾನಗರವೆಂದ ಮೇಲೆ ಒಂದು ಹೊಸ ಮ್ಯೂಸಿಯಂ ಬೇಡವೇ? ಅದೂ ಬಂತು. ಒಳಗಿನ ಓಣಿಯೊಂದರಲ್ಲಿ ಪಾಳು ಬಿದ್ದಿದ್ದ ಹಳೆಯ ಹತ್ತಿ ಮಿಲ್ಲಿನ ಗೋದಾಮಿಗೆ ಸುಣ್ಣ ಹೊಡೆದು, ಮೂರು ಕೋಣೆ ಮಾಡಿ, ತಣ್ಣನೆಯ ದೀಪ ಹಾಕಿದ್ದಾರೆ. ಅಲ್ಲಿ ರಾಜರ ಖಡ್ಗವಿಲ್ಲ, ಮೂಗು ಮುರಿದ ವಿಗ್ರಹವಿಲ್ಲ. ಬದುಕಿರುವ ಜನ ಈಚೆಗೆ ಕೈಯಿಂದ ಮಾಡಿದ ವಸ್ತುಗಳು ಮಾತ್ರ. ಅದರ ಮೂರನೆಯ ಕೋಣೆಯಲ್ಲಿ ನಮ್ಮವ್ವನ ಕೌದಿ ತೂಗುಹಾಕಿದ್ದೇವೆ, ಬಂದು ನೋಡಬೇಕು ಎಂದು ಪತ್ರ ಬಂದಿತ್ತು.

ನಮ್ಮವ್ವನ ಕೌದಿ ಎಂದರೆ ತಪ್ಪಾದೀತು. ಪತ್ರದಲ್ಲಿ ಎರಡು ಹೆಸರಿದ್ದವು: ಕನಕಮ್ಮ ಮತ್ತು ಬಡೇಬೀ, ದೇವದುರ್ಗ. ಕನಕಮ್ಮ ನನ್ನ ಅವ್ವ. ಬಡೇಬೀ ಪಕ್ಕದ ಮನೆಯವಳು, ನನಗೆ ಖಾಲಾ, ಅಂದರೆ ಚಿಕ್ಕಮ್ಮ. ಇಬ್ಬರೂ ಮಾತು ಬಿಟ್ಟು ನಾಲ್ಕು ವರ್ಷವಾಗುತ್ತ ಬಂದಿತ್ತು.

ಎರಡು ಮನೆಗಳ ನಡುವೆ ಎದೆಯೆತ್ತರದ ಒಂದು ಗೋಡೆ ಇದೆ. ನಾನು ಚಿಕ್ಕವಳಿದ್ದಾಗ ರಂಜಾನ್ ತಿಂಗಳ ಸಂಜೆಗಳಲ್ಲಿ ಖಾಲಾ ಒಂದು ಖರ್ಜೂರವನ್ನು ಬಾಯಿಗಿಟ್ಟು ರೋಜಾ ಬಿಡುತ್ತಿದ್ದಳು, ಇನ್ನೊಂದನ್ನು ಗೋಡೆಯ ಮೇಲಿಂದ ನನಗೆ ಕೊಡುತ್ತಿದ್ದಳು. ನಾನು ದಿನವಿಡೀ ಮೂರು ಹೊತ್ತು ತಿಂದು, ಸಂಜೆ ಅವಳ ಜೊತೆ ಉಪವಾಸವನ್ನೂ ಬಿಡುತ್ತಿದ್ದೆ.

ಕೌದಿ ಹೊಲಿಯುವುದು ಅವರಿಬ್ಬರ ಬೇಸಗೆಯ ಕೆಲಸ. ಅವ್ವ ಹೊಲದ ಕೂಲಿಯಿಂದ ಬಂದವಳು, ಖಾಲಾ ಟೇಲರನ ಹೆಂಡತಿ. ಖಾಲಾನ ಮಗ ಮುನ್ನಾನ ಟೇಲರ್ ಅಂಗಡಿಯಿಂದ ಚೂರು ಬಟ್ಟೆ ಬರುತ್ತಿತ್ತು, ನಮ್ಮ ಮನೆಯಿಂದ ಹಳೆಯ ಸೀರೆ. ಹಾಸಿ ಕೂತರೆ ಅವ್ವ ಎಡಗಡೆಯಿಂದ, ಖಾಲಾ ಬಲಗಡೆಯಿಂದ ಹೊಲಿಯುತ್ತ ನಡುವಿಗೆ ಬರುತ್ತಿದ್ದರು. ಒಂದು ಮೂಲೆಯನ್ನು ಮಾತ್ರ ನಾಲ್ಕು ಬೆರಳಗಲ ಬಿಚ್ಚಿಯೇ ಇಡುತ್ತಿದ್ದರು. ಅದು ಕೌದಿಯ ಬಾಯಿ. ಎಲ್ಲ ಮುಗಿದ ದಿನ ಆ ಬಾಯಿಗೆ ಒಂದು ತುತ್ತು ಇಟ್ಟು ಹೊಲಿದುಬಿಡುವುದು ಪದ್ಧತಿ. ಹಸಿದ ಕೌದಿ ಹೊದ್ದವರಿಗೆ ಹೊಟ್ಟೆ ತುಂಬುವುದಿಲ್ಲವೆಂದು ಅವ್ವನ ನಂಬಿಕೆ. ಇದಕ್ಕೆ ಅವಳ ನಿಯಮಗಳು ಎರಡು. ತುತ್ತು ಆ ದಿನ ನಾವು ತಿನ್ನುವುದರಲ್ಲಿಯೇ ತೆಗೆದಿಟ್ಟದ್ದಾಗಿರಬೇಕು, ಹಳಸಿದ್ದು ಮಿಕ್ಕಿದ್ದು ನಡೆಯುವುದಿಲ್ಲ. ಇಟ್ಟವರು ಏನಿಟ್ಟೆವೆಂದು ಯಾರಿಗೂ ಹೇಳಬಾರದು. ಉಣ್ಣಲು ಕೊಟ್ಟು ಆಮೇಲೆ ಆಡಿಕೊಂಡರೆ ಅದು ಹಂಗಿಸಿದಂತೆ.

ಮ್ಯೂಸಿಯಂನವರು ಬಾಗಿಲು ತೆರೆಯುವ ಎಷ್ಟೋ ಮೊದಲೇ, ನಾಲ್ಕು ವರ್ಷದ ಹಿಂದೆ, ಆ ಕೌದಿಯನ್ನು ಹೇಳಿ ಮಾಡಿಸಿದ್ದರು. ಸೋಮವಾರ ಒಯ್ಯುತ್ತೇವೆ ಎಂದವರು ಶುಕ್ರವಾರ ಮಧ್ಯಾಹ್ನವೇ ಜೀಪು ತಂದು ನಿಲ್ಲಿಸಿದರು. ಅವತ್ತು ರಾಯಚೂರಿನ ಆಸ್ಪತ್ರೆಯಲ್ಲಿ ನನ್ನ ಹೆರಿಗೆ, ಅವ್ವ ನನ್ನ ಹತ್ತಿರ ಇದ್ದಳು. ಖಾಲಾ ಒಬ್ಬಳೇ ಬಾಯಿ ಹೊಲಿದು ಕೌದಿಯನ್ನು ಕೊಟ್ಟು ಕಳಿಸಿದಳು.

ಮೊಮ್ಮಗಳನ್ನು ನೋಡಿ ಊರಿಗೆ ಹೋದ ಅವ್ವ ಗೋಡೆಯ ಹತ್ತಿರ ನಿಂತು ಕೇಳಿದ ಮೊದಲ ಮಾತು ಅದೇ. ತುತ್ತು ಹಾಕಿದಿಯಾ?

"ಹಾಕೀನಿ," ಎಂದಳು ಖಾಲಾ.

"ರೋಜಾ ತಿಂಗಳು. ಸೊಸಿ, ಮೊಮ್ಮಕ್ಕಳು ಊರಾಗಿಲ್ಲ. ಮಧ್ಯಾಹ್ನ ನಿನ್ನ ಒಲಿ ಹಚ್ಚಿಲ್ಲ. ಏನು ಹಾಕಿದಿ, ಹೇಳು ನೋಡಮು?"

ಖಾಲಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಾಕಿಲ್ಲ, ಅದಕ್ಕೇ ಬಾಯಿ ಬಿಡಲಿಲ್ಲ ಎಂದು ಅವ್ವ ತೀರ್ಮಾನಿಸಿದಳು. ಅಲ್ಲಿಗೆ ಮಾತೂ ಮುಗಿಯಿತು, ಕೌದಿ ಹೊಲಿಯುವುದೂ ಮುಗಿಯಿತು. ನನ್ನ ಮಗಳು ಊಟಕ್ಕೆ ಹಠ ಮಾಡಿದರೆ ಅದಕ್ಕೂ ಆ ಕೌದಿಯೇ ಕಾರಣ. ಮ್ಯೂಸಿಯಂನಲ್ಲಿ ಅದನ್ನು ಯಾರೂ ಹೊದೆಯುವುದಿಲ್ಲವಲ್ಲ, ಅದರ ಹಸಿವು ಹೊಲಿದವರ ಮನೆಗೆ ಬರದೆ ಇನ್ನೆಲ್ಲಿಗೆ ಹೋಗಬೇಕು? ನಾನು ಮಾನ್ವಿಯಿಂದ ದಿನಾ ಬಸ್ಸಿನಲ್ಲಿ ಕುರ್ಡಿಯ ಶಾಲೆಗೆ ಹೋಗಿ ಎಂಟನೆಯ ತರಗತಿಗೆ ಪಾಠ ಮಾಡುವವಳು. ಇಂಥ ಮಾತು ಕೇಳಿದರೆ ತಲೆ ಬಿಸಿಯಾಗುತ್ತದೆ. ಎಷ್ಟು ಸಲ ಜಗಳಾಡಿದೆನೋ ಲೆಕ್ಕವಿಲ್ಲ, ಅವ್ವನ ಮುಂದೆ ನನ್ನ ಡಿಗ್ರಿ ನಡೆಯಲಿಲ್ಲ.

ಪತ್ರ ಬಂದ ಮೇಲೆ ಒಂದು ಭಾನುವಾರ ಇಬ್ಬರನ್ನೂ ರಾಯಚೂರಿಗೆ ಕರೆದೆ. ನಾನು ಮಾನ್ವಿಯಿಂದ ಬಂದು ಬಸ್ ಸ್ಟ್ಯಾಂಡಿನಲ್ಲಿ ಕಾದೆ. ಅವರಿಬ್ಬರೂ ದೇವದುರ್ಗದಿಂದ ಒಂದೇ ಬಸ್ಸಿನಲ್ಲಿ ಬಂದರು. ಅವ್ವ ಡ್ರೈವರನ ಹಿಂದಿನ ಸೀಟಿನಲ್ಲಿ, ಖಾಲಾ ಕೊನೆಯ ಸೀಟಿನಲ್ಲಿ. ಆಧಾರ್ ಕಾರ್ಡನ್ನು ಕೈಯಲ್ಲೇ ಹಿಡಿದು ಇಳಿದ ಇಬ್ಬರೂ ನನ್ನ ಎಡಕ್ಕೊಬ್ಬರು ಬಲಕ್ಕೊಬ್ಬರು ನಿಂತರು.

"ಅಕಿಗೆ ನೀರು ಬೇಕೇನು ಕೇಳು," ಎಂದಳು ಅವ್ವ.

"ಬ್ಯಾಡಂತ ಹೇಳು ಬೇಟಿ," ಎಂದಳು ಖಾಲಾ.

ಇಬ್ಬರ ನಡುವೆ ಇದ್ದದ್ದು ಒಂದು ಗೇಣು ಜಾಗ, ಅದರಲ್ಲಿ ನಾನು. ನನಗೆ ಸಿಟ್ಟೂ ಬಂತು, ನಗುವೂ ಬಂತು. ಆಟೋದಲ್ಲಿಯೂ ನಡುವೆ ನಾನೇ ಕೂತೆ.

ಮ್ಯೂಸಿಯಂ ನೋಡಿಕೊಳ್ಳುವವನು ಜಗದೀಶ ಎಂಬ ಹುಡುಗ, ಯರಗೇರಾದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿದವನು. ಇಬ್ಬರ ಕಾಲಿಗೂ ನಮಸ್ಕಾರ ಮಾಡಿ ಒಳಗೆ ಕರೆದೊಯ್ದ. ಮೊದಲ ಕೋಣೆಯಲ್ಲಿ ಪ್ಯಾಕಿಂಗ್ ಪಟ್ಟಿಯಿಂದ ಹೆಣೆದ ಬುಟ್ಟಿಗಳು, ಈಚಲ ಗರಿಯ ಚಾಪೆಯನ್ನು ಸುರುಳಿ ಮಾಡಿ ಒಳಗೆ ಬಲ್ಬು ಇಟ್ಟ ದೀಪ. ಎರಡನೆಯದರಲ್ಲಿ ಬಿಳಿ ಗೋಡೆಯ ಮೇಲೆ ಒಂದೇ ಒಂದು ಕಸಬರಿಗೆ, ಅದರ ಮೇಲೆ ಬೆಳಕು.

ಅವ್ವ ಅದನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು. "ಮದುಮಗಳಂಗ ನಿಂದ್ರಿಸ್ಯಾರಲ್ಲ ಇದನ್ನ! ನೆಲ ಯಾರು ಗುಡಿಸಬೇಕು?"

ಖಾಲಾ ಆ ಕಡೆ ಮುಖ ಮಾಡಿ ನಕ್ಕಳು. ಅವಳ ಭುಜ ಅಲುಗುವುದು ಕಂಡಿತು. ಅವ್ವನೂ ನೋಡಿದಳು, ನೋಡದವಳಂತೆ ಮುಂದೆ ನಡೆದಳು. ನನಗೆ ತುಂಬಾ ಖುಷಿಯಾಯಿತು. ಇವತ್ತು ಏನಾದರೂ ಒಳ್ಳೆಯದಾಗಬಹುದು ಎನ್ನಿಸಿತು.

ಮೂರನೆಯ ಕೋಣೆಯ ಬಾಗಿಲಲ್ಲಿ ಅವ್ವ ನನ್ನ ತೋಳು ಹಿಡಿದು ನಿಲ್ಲಿಸಿದಳು. ರವಿಕೆಗೆ ಚುಚ್ಚಿಕೊಂಡಿದ್ದ ಸೂಜಿ ಆಗ ನನ್ನ ಕಣ್ಣಿಗೆ ಬಿತ್ತು. ಅದಕ್ಕೆ ಕೆಂಪು ದಾರ ಪೋಣಿಸಿಯೇ ತಂದಿದ್ದಳು. ಸೆರಗಿನ ತುದಿಯಲ್ಲಿ ಒಂದು ಗಂಟು.

"ಏನದು?"

"ಮುಂಜಾನಿ ರೊಟ್ಟಿ, ಒಂದು ಚೂರು ಬೆಲ್ಲ. ಆ ಹುಡುಗನ್ನ ಮಾತಿನಾಗ ಹಿಡಿದು ಆ ಕಡಿ ಕರ್ಕೊಂಡು ಹೋಗು. ಎರಡು ಹೊಲಿಗಿ ಬಿಚ್ಚತೀನಿ, ತುತ್ತು ಇಡತೀನಿ, ಮುಚ್ಚತೀನಿ. ಐದು ನಿಮಿಷದ ಕೆಲಸ."

"ಯವ್ವಾ, ಅದು ಈಗ ಮ್ಯೂಸಿಯಂದು! ಇರುವಿ ಹತ್ತತಾವ, ಪೊಲೀಸರು ಬರ್ತಾರ!"

"ಮ್ಯೂಸಿಯಂದಾದ್ರ ಹೊಟ್ಟಿ ಇರಂಗಿಲ್ಲೇನು?" ಅವಳ ಕಣ್ಣಲ್ಲಿ ನೀರು ಬಂದಿತ್ತು. "ನಾಕು ವರ್ಷ ಆತು ವಿಶಾಖಾ. ನಾ ಉಂಡಾಗೆಲ್ಲ ಅದು ನೆನಪಾಗತದ."

ನಾನು ಬೈಯುವುದು ಬಿಟ್ಟು ಅವಳ ಕೈ ಹಿಡಿದು ಒಳಗೆ ನಡೆದೆ. ಇದು ಹಠವೆಂದುಕೊಂಡಿದ್ದೆ. ನಾಲ್ಕು ವರ್ಷ ಅವಳು ಉಂಡ ಪ್ರತಿ ಊಟದಲ್ಲೂ ಈ ಸಂಕಟ ಇತ್ತೆಂದು ನನಗೆ ಗೊತ್ತಿರಲಿಲ್ಲ.

ಎದುರಿನ ಗೋಡೆಯ ತುಂಬ ಕೌದಿ ಇತ್ತು. ನನ್ನ ಹಳೆಯ ಸ್ಕೂಲ್ ಯೂನಿಫಾರ್ಮಿನ ನೀಲಿ, ಅವ್ವನ ಮದುವೆ ಸೀರೆಯ ಹಸಿರು, ಮುನ್ನಾನ ಅಂಗಡಿಯ ಶರ್ಟು ಬಟ್ಟೆಯ ಗೆರೆಗಳು. ಹೊಲಿಗೆಗಳು ಎರಡೂ ಕಡೆಯಿಂದ ಬಂದು ನಡುವೆ ಕೂಡಿದ್ದವು. ಎಡದ ಹೊಲಿಗೆ ಯಾರದು, ಬಲದ್ದು ಯಾರದು ಎಂದು ನಡುವಿನಲ್ಲಿ ಹೇಳಲು ಬರುತ್ತಿರಲಿಲ್ಲ. ನೆಲದ ಮೇಲೆ ಮಡಿಸಿಟ್ಟದ್ದನ್ನೇ ನೋಡಿದವಳು ನಾನು, ಇಷ್ಟು ಚೆಂದವೆಂದು ತಿಳಿದಿರಲಿಲ್ಲ. ಇಬ್ಬರು ಮುದುಕಿಯರೂ ನಿಂತು ನೋಡಿದರು.

ಜಗದೀಶ ಗೋಡೆಯ ಮೇಲಿನ ಚೀಟಿಯನ್ನು ಓದಿ ಹೇಳಿದ. ಇಂಥ ಅಳತೆ, ಇಷ್ಟು ಚೂರು ಬಟ್ಟೆ, ಇಂಥ ದಾರ. ಕೊನೆಗೆ, "ಕೆಳಗಿನ ಬಲ ಮೂಲೆಯ ಒಳಗೆ ಒಂದು ಸಣ್ಣ ಕಲ್ಲು ಇದೆ. ಬಟ್ಟೆ ನೇರವಾಗಿ ನಿಲ್ಲಲಿ ಎಂದು ಇಟ್ಟದ್ದಿರಬಹುದು."

ನಾನು ಅವ್ವನ ಕಡೆ ನೋಡಿದೆ.

"ಕಲ್ಲು?" ಅವ್ವನ ದನಿ ಏರಿತು. "ಕೇಳಿದಿ ವಿಶಾಖಾ? ಹಸದ ಬಾಯಾಗ ಕಲ್ಲು ಹಾಕ್ಯಾಳ! ಏನೂ ಹಾಕದಿದ್ರೂ ಸೈ ಅಂತಿದ್ದೆ ನಾನು. ಕಲ್ಲು! ಅಕಿಗೆ ಕೇಳು, ಯಾಕ ಹಾಕಿದಿ ಅಂತ ಕೇಳು!"

ನಾನು ಖಾಲಾನ ಕಡೆ ತಿರುಗಿದೆ. ಏನಾದರೂ ಹೇಳಿಬಿಡು ಖಾಲಾ ಎಂದು ಕಣ್ಣಲ್ಲೇ ಬೇಡಿಕೊಂಡೆ. ಅವಳು ತಲೆ ಅಲ್ಲಾಡಿಸಿದಳು. ಜಗದೀಶ ಪಾಪ, ತನ್ನ ಚೀಟಿಯಲ್ಲಿ ಏನು ತಪ್ಪಾಯಿತೆಂದು ತಿಳಿಯದೆ ಎಲ್ಲರ ಮುಖ ನೋಡುತ್ತಿದ್ದ.

"ಯವ್ವಾ, ಸಿಟ್ಟಾಗಬ್ಯಾಡ್ರಿ," ಎಂದ. ಅವನ ಪುಸ್ತಕದ ಕನ್ನಡ ಅಲ್ಲಿಗೆ ಮುಗಿದಿತ್ತು. "ನಾವು ಬಿಚ್ಚಿ ನೋಡಿಲ್ಲರಿ, ಹೊರಗಿಂದ ಮುಟ್ಟಿ ಅಂದಾಜು ಬರದೀವಿ. ಮಾಡಿದವರು ಮುಟ್ಟಬಹುದು ಅಂತ ನಮ್ಮಲ್ಲಿ ಅದ. ನೀವ ಮುಟ್ಟಿ ಹೇಳ್ರಿ."

ಡ್ರಾವರಿನಿಂದ ಬಿಳಿ ಕೈಗವಸು ತಂದು ಅವ್ವನ ಕೈಗೆ ತೊಡಿಸಿದ. ಅವ್ವ ಮೂಲೆಯನ್ನು ಹಿಡಿದಳು, ಬಿಟ್ಟಳು, ಗವಸು ಕಿತ್ತು ಅವನ ಕೈಗೇ ಕೊಟ್ಟಳು. "ನಾ ಹೊಲಿಯುವಾಗ ಇದು ಇರಲಿಲ್ಲ," ಎಂದು ಬರಿಗೈಯಲ್ಲಿ ಮುಟ್ಟಿದಳು. ಅವನು ಬೇಡವೆನ್ನಲಿಲ್ಲ.

ಹೆಬ್ಬೆರಳು, ತೋರುಬೆರಳ ನಡುವೆ ಆ ಗಟ್ಟಿಯಾದದ್ದನ್ನು ಬಟ್ಟೆಯ ಮೇಲಿಂದ ಹಿಡಿದು ತಿರುಗಿಸಿದಳು. ಒಂದು ತುದಿ ನೋಡಿದಳು, ಇನ್ನೊಂದು ತುದಿ ನೋಡಿದಳು. ಉಗುರಿನಿಂದ ಅದರ ಉದ್ದಕ್ಕೂ ಗೀರಿದಳು, ಮತ್ತೆ ಗೀರಿದಳು. ಬೆರಳು ನಿಂತಿತು.

"ಇದು ಕಲ್ಲಲ್ಲ," ಎಂದಳು. ದನಿ ಇಳಿದಿತ್ತು. "ಎರಡೂ ತುದಿ ಚೂಪು ಅದ. ನಡುವ ಗೀರು ಅದ. ಬೀಜ. ಖಜೂರದ ಬೀಜ."

ಹಣ್ಣು ನಾಲ್ಕು ವರ್ಷದಲ್ಲಿ ಒಣಗಿ ಬಟ್ಟೆಗೆ ಅಂಟಿಹೋಗಿತ್ತು, ಬೀಜ ಉಳಿದಿತ್ತು. ಅವ್ವ ಮೂಲೆಯನ್ನು ಮೆಲ್ಲಗೆ ಬಿಟ್ಟಳು. ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ ಖಾಲಾನ ಎದುರು ನಿಂತಳು. ಏನು ಹಾಕಿದಿ ಎಂದು ಈ ಸಲ ಕೇಳಲಿಲ್ಲ.

"ಬಡೇಬೀ, ಅವತ್ತು ಸಂಜೀಕಿ ರೋಜಾ ಯಾತರಾಗ ಬಿಟ್ಟಿ?"

ಅದನ್ನು ಹೇಳಬಾರದೆಂಬ ನಿಯಮ ಇರಲಿಲ್ಲ.

"ನೀರಾಗ," ಎಂದಳು ಖಾಲಾ.

ಅವ್ವನ ಮುಖ ಸಣ್ಣದಾಯಿತು. ಅವಳು ಅತ್ತದ್ದನ್ನು ನಾನು ಕಡಿಮೆ ನೋಡಿದ್ದೇನೆ, ಅವತ್ತು ನೋಡಿದೆ. ಖಾಲಾ ದಿನವಿಡೀ ಬಿಸಿಲಲ್ಲಿ ಹಸಿದು, ಸಂಜೆಗೆಂದು ಇಟ್ಟುಕೊಂಡ ಒಂದೇ ಖರ್ಜೂರವನ್ನು ಕೌದಿಗೆ ಉಣಿಸಿದ್ದಳು. ಅವ್ವನೇ ಕಲಿಸಿದ ನಿಯಮ ಮುರಿಯಬಾರದೆಂದು ನಾಲ್ಕು ವರ್ಷ ಅವ್ವನಿಂದಲೇ ಬೈಸಿಕೊಂಡಿದ್ದಳು.

"ಹುಚ್ಚಿ! ಇಷ್ಟು ವರ್ಷ ಬಾಯಿ ಬಿಡಬಾರದೇನು?"

"ಹೇಳಬಾರದು ಅಂದಾಕಿ ಯಾರು?"

ಅವ್ವ ಸೆರಗಿನ ಗಂಟು ಬಿಚ್ಚತೊಡಗಿದಳು. ನಾನು ಸಹಾಯಕ್ಕೆ ಹೋದರೆ ಬಿಡಲಿಲ್ಲ. ರೊಟ್ಟಿಯಲ್ಲಿ ಬೆಲ್ಲ ಇಟ್ಟು ಮಡಚಿ ಖಾಲಾನ ಬಾಯಿಯ ಹತ್ತಿರ ಹಿಡಿದಳು.

"ತಿನ್ನು. ಅವತ್ತಿನ ನಿನ್ನ ತುತ್ತು ಇದು."

ಒಳಗೆ ಏನೂ ತಿನ್ನಬಾರದೆಂಬ ಬೋರ್ಡು ಪಕ್ಕದಲ್ಲೇ ಇತ್ತು. ಜಗದೀಶ ಬೋರ್ಡನ್ನು ನೋಡಿದ, ನನ್ನ ಮುಖ ನೋಡಿದ, ಚೀಟಿಯನ್ನು ಗೋಡೆಯಿಂದ ಬಿಡಿಸಿಕೊಂಡು ಕಿಟಕಿಯ ಕಡೆ ತಿರುಗಿ ನಿಂತ. "ಇದನ್ನ ತಿದ್ದಬೇಕಲ್ಲರಿ ಯವ್ವಾ," ಎಂದ ಮೆಲ್ಲಗೆ. "ಕಲ್ಲು ಅಲ್ಲ ಅಂದ್ರ, ಏನಂತ ಬರೀಲಿ?"

"ಏನೂ ಬರೀಬ್ಯಾಡ!" ಎಂದರು ಇಬ್ಬರೂ ಒಟ್ಟಿಗೆ.

ಖಾಲಾ ಅವ್ವನ ಕೈಯಿಂದಲೇ ಒಂದು ತುಂಡು ಕಚ್ಚಿಕೊಂಡು ನಿಧಾನವಾಗಿ ಅಗಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ರೊಟ್ಟಿ ದಪ್ಪ ಆಗ್ಯಾವ ಕನಕವ್ವ," ಎಂದಳು.

"ಬಾಯಿ ಮುಚ್ಕೊಂಡು ತಿನ್ನು," ಎಂದಳು ಅವ್ವ, ಉಳಿದ ತುತ್ತನ್ನು ಅವಳ ಬಾಯಿಗಿಡುತ್ತ.